ಅರ್ಧಂಬರ್ಧ ಕೇಳಿಸಿಕೊಂಡ ರಿಲೇ

ಮೊಬೈಲನ್ನು ಮೇಜಿನ ಮೇಲೆ ನಾಲ್ಕು ಬೆರಳಿನಷ್ಟು ಸರಿಸಿದರೆ ಸಾಕು, ನಿಂತುಹೋಗಿದ್ದ ವಿಡಿಯೊ ಮತ್ತೆ ಓಡುವುದುಂಟು. 2.4 ಗಿಗಾಹರ್ಟ್ಸ್ ವೈಫೈ ಅಲೆಯ ಉದ್ದ 12.5 ಸೆಂಟಿಮೀಟರ್. ಗೋಡೆಗೆ, ಬೀರುವಿಗೆ ಬಡಿದು ಬಂದ ಅಲೆಗಳು ಅರ್ಧ ಅಲೆಯಷ್ಟು ಹಿಂದುಮುಂದಾಗಿ ಸೇರಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಇದೇ ಫೇಡಿಂಗ್. ನೇರ ದಾರಿಯಿಲ್ಲದೆ ಪ್ರತಿಫಲಿಸಿದ ಅಲೆಗಳಷ್ಟೇ ಬರುವ ಕಡೆ, ಸಿಗ್ನಲ್ ಸರಾಸರಿಯ ನೂರನೇ ಒಂದು ಭಾಗಕ್ಕೂ ಕೆಳಗೆ ಬೀಳುವ ಸಂಭವ 100ರಲ್ಲಿ 1.

ದೂರ ದೂರ ಇಟ್ಟ ಎರಡು ಆಂಟೆನಾ ಏಕಕಾಲಕ್ಕೆ ಹೀಗೆ ಕುಸಿಯುವುದು ಅಪರೂಪ. ಆದರೆ ಬೆಂಕಿಪೊಟ್ಟಣದಷ್ಟು ಸೆನ್ಸರಿನಲ್ಲಿ ಅದಕ್ಕೆ ಜಾಗವೆಲ್ಲಿ? ಹೇಗೂ ರೇಡಿಯೊ ಮಾತು ಸುತ್ತಲಿನ ಎಲ್ಲರಿಗೂ ಕೇಳಿಸುತ್ತದೆ. ಪಕ್ಕದ ಸೆನ್ಸರ್ ಅದನ್ನು ಹಿಡಿದು ದಾಟಿಸಿದರೆ ಎರಡನೇ ದಾರಿ ಸಿಕ್ಕಂತೆ. ಹೀಗೆ ದಾಟಿಸುವ ಸೆನ್ಸರೇ ರಿಲೇ. ಸಂಶೋಧಕರಾದ ಲೇನ್‌ಮನ್, ತ್ಸೆ ಮತ್ತು ವೋರ್ನೆಲ್ 2004ರಲ್ಲಿ ಇದರ ಲೆಕ್ಕವನ್ನು ಬಿಡಿಸಿಟ್ಟರು.

ಈ ನೆರವು ಪುಕ್ಕಟೆಯಲ್ಲ. ಅರ್ಧ ಸಮಯ ಕಳಿಸುವವನದು, ಅರ್ಧ ರಿಲೇಯದು. ಅಷ್ಟೇ ಮಾಹಿತಿ ಅರ್ಧ ಸಮಯದಲ್ಲಿ ಹೋಗಬೇಕು. ಬ್ಯಾಂಡ್‌ನ ಪ್ರತಿ ಹರ್ಟ್ಸ್ ಅಗಲಕ್ಕೆ ಸೆಕೆಂಡಿಗೆ 1 ಬಿಟ್ ಕಳಿಸಲು ಗದ್ದಲದಷ್ಟೇ (ನಾಯ್ಸ್‌ನಷ್ಟೇ) ಬಲದ ಸಿಗ್ನಲ್ ಸಾಕು. 2 ಬಿಟ್‌ಗೆ 3 ಪಟ್ಟು ಬೇಕು. ಹಾಗಾಗಿ ಮೂರೂ ಕೊಂಡಿಗಳ (ಕಳಿಸುವವನಿಂದ ಪಡೆಯುವವನಿಗೆ, ಕಳಿಸುವವನಿಂದ ರಿಲೇಗೆ, ರಿಲೇಯಿಂದ ಪಡೆಯುವವನಿಗೆ) ಸರಾಸರಿ ಬಲ ಗದ್ದಲದ 10 ಪಟ್ಟು ಮಾತ್ರ ಇದ್ದಾಗ ಲಾಭ ಅಲ್ಪ: 100 ಪ್ಯಾಕೆಟ್‌ಗಳಲ್ಲಿ ನೇರವಾಗಿ ಕಳಿಸಿದರೆ ಸುಮಾರು 10, ರಿಲೇಯಿದ್ದರೆ ಸುಮಾರು 6 ನಷ್ಟ. ಅದೇ 100 ಪಟ್ಟಿದ್ದರೆ ಚಿತ್ರವೇ ಬೇರೆ. ನೇರ ಕೊಂಡಿಯಲ್ಲಿ 10,000ಕ್ಕೆ 100 ಕಳೆದುಹೋದರೆ, ರಿಲೇ ಜೊತೆಗಿದ್ದಾಗ ಕೇವಲ 9!

ಆದರೆ ಈ 9 ಸಿಗುವುದು ರಿಲೇ ಸುಮ್ಮನಿರಲು ಕಲಿತಿದ್ದರೆ ಮಾತ್ರ. ಕೇಳಿಸಿದ್ದನ್ನೆಲ್ಲ ಬಿಡಿಸಿ ಕುರುಡಾಗಿ ದಾಟಿಸುವ ರಿಲೇ, ತನ್ನ ಕೊಂಡಿ ಕುಸಿದಾಗ ತಪ್ಪು ಬಿಟ್‌ಗಳನ್ನೇ ಗಟ್ಟಿಯಾಗಿ ಸಾರುತ್ತದೆ. ನೇರವಾಗಿ ಬಂದ ಸರಿಯಾದ ಪ್ರತಿಯೂ ಅದರೊಡನೆ ಬೆರೆತು ಕೆಡುತ್ತದೆ. ಎರಡನೇ ದಾರಿಯ ಲಾಭವೆಲ್ಲ ಅಲ್ಲಿಗೆ ಸೋರಿಹೋಯಿತು. ಪ್ಯಾಕೆಟ್ಟಿನ ಕೊನೆಯಲ್ಲಿ ಸೇರಿಸಿದ 16 ಬಿಟ್‌ಗಳ ಸಿಆರ್‌ಸಿ (ತಪ್ಪು ಪತ್ತೆ ಹಚ್ಚುವ ಸಂಕೇತ) ತಾಳೆಯಾದರೆ ಮಾತ್ರ ರಿಲೇ ಮಾತಾಡಬೇಕು. ತಾಳೆಯಾಗದಿದ್ದರೆ ಕಳಿಸಿದವನೇ ಮತ್ತೊಮ್ಮೆ ಕಳಿಸಲಿ.

ನನ್ನ ಆಯ್ಕೆ ಇನ್ನೊಂದು ಹೆಜ್ಜೆ ಮುಂದಿನದು: ಪಡೆಯುವವನು ಒಂದೇ ಬಿಟ್‌ನಲ್ಲಿ ‘ಮುಟ್ಟಿತು’ ಅಥವಾ ‘ಮುಟ್ಟಲಿಲ್ಲ’ ಎಂದು ತಿಳಿಸಲಿ. ಮುಟ್ಟದಿದ್ದಾಗ ಮಾತ್ರ ರಿಲೇ ಬರಲಿ. ಸಿಗ್ನಲ್ ಚೆನ್ನಾಗಿರುವ ಕಡೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ರಿಲೇಯ ಅರ್ಧ ಸಮಯ ಉಳಿಯುತ್ತದೆ. ಇನ್ನು ರಿಲೇ ಇಡುವ ಜಾಗ: ಒಂದೇ ಕಾಂಕ್ರೀಟ್ ಗೋಡೆಯ ಹಿಂದೆ ಕಳಿಸುವವನನ್ನೂ ರಿಲೇಯನ್ನೂ ಕೂರಿಸಿದರೆ ಎರಡೂ ದಾರಿ ಒಟ್ಟಿಗೆ ಮಂಕಾಗುತ್ತವೆ. ಗೋಡೆಯ ತುದಿಯಲ್ಲಿ, ಎರಡೂ ಕಡೆ ಕಾಣುವಂತೆ ಇಡಿ.