ಈಗಲೋ, ಸತ್ತ ಮೇಲೋ, ಕಡೇ ದಿನವೋ? ನಿತ್ಯಜೀವದ ತಕರಾರು ಸಾಗಿಬಂದ ದಾರಿ

"ಅಕ್ಕಾ, ನಿಮಗೆ ರಕ್ಷಣೆ ಆಗಿದೆಯಾ?"

ಕೆಜಿಎಫ್‌ನ ಕ್ರೈಸ್ತ ಮನೆಗಳಲ್ಲಿ ಈ ಪ್ರಶ್ನೆ ಎದುರಿಸದವರು ಕಡಿಮೆ. ಕೇಳುವವರು ಸಾಮಾನ್ಯವಾಗಿ ಪೆಂಟೆಕೋಸ್ಟ್ ಸಭೆಗೆ ಹೋಗುವವರು. ಕೇಳಿಸಿಕೊಳ್ಳುವವರು ಕ್ಯಾಥೊಲಿಕ್ ಓರಗಿತ್ತಿಯೋ, ಪಕ್ಕದ ಮನೆಯ ಸಿಎಸ್‌ಐನವರೋ (ಚರ್ಚ್ ಆಫ್ ಸೌತ್ ಇಂಡಿಯಾ ಸಭೆಯವರು) ಆಗಿರುತ್ತಾರೆ. ರಕ್ಷಣೆಯೆಂದರೆ ಪಾಪದಿಂದ ಬಿಡುಗಡೆಯಾಗಿ ನಿತ್ಯಜೀವ ದಕ್ಕುವುದು. ಕೇಳಿದವರಿಗೆ ಉತ್ತರವಾಗಿ ಒಂದು ತಾರೀಖು ಬೇಕು: ಯಾವ ಕೂಟದಲ್ಲಿ ಕಣ್ಣೀರು ಹಾಕಿದಿರಿ, ಯಾವ ದಿನ ನೀರಿಗಿಳಿದಿರಿ. ಕ್ಯಾಥೊಲಿಕ್ ಓರಗಿತ್ತಿಯ ತಾರೀಖು ಚರ್ಚಿನ ಜ್ಞಾನಸ್ನಾನದ ರಿಜಿಸ್ಟರಿನಲ್ಲಿದೆ, ಆದರೆ ಆಗ ಆಕೆ ತಿಂಗಳ ಮಗು. ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎನ್ನುವಲ್ಲಿಂದ ಮಾತು ಬೆಳೆಯುತ್ತದೆ, ಅರ್ಧ ತಮಿಳಿನಲ್ಲಿ, ಅರ್ಧ ಕನ್ನಡದಲ್ಲಿ.

ನಿತ್ಯಜೀವ ಸಿಗುವುದು ನಂಬಿದ ಗಳಿಗೆಯಲ್ಲೋ, ನೀರಿಗಿಳಿದಾಗಲೋ, ಉಸಿರು ನಿಂತ ಕೂಡಲೋ, ಸತ್ತವರೆಲ್ಲ ಏಳುವ ಕಡೇ ದಿನವೋ? ಎರಡು ಸಾವಿರ ವರ್ಷದ ಈ ವಾದದ ಜಾಡು ಹಿಡಿದು ಹೋದರೆ ನನಗೆ ಕಾಣುವುದಿಷ್ಟು: ಬರೀ ದಿನಾಂಕಕ್ಕಾಗಿ ಯಾರೂ ಜಗಳವಾಡಲಿಲ್ಲ. ಸಿಕ್ಕಿದ್ದು ಕೈಜಾರಿ ಹೋದೀತೇ ಎಂಬ ಭಯವೇ ಆ ದಿನಾಂಕವನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡಿದೆ.

ಬೈಬಲೇ ಎರಡೂ ಕಡೆಗೆ ಸಾಕ್ಷಿ ಹೇಳುತ್ತದೆ. ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಯೇಸು ನಿತ್ಯಜೀವವನ್ನು ಮುಂದೆ ಬರುವ ಲೋಕಕ್ಕೆ ಸೇರಿಸಿ ಹೇಳುತ್ತಾನೆ. ದಾನಿಯೇಲನ ಗ್ರಂಥದ 12ನೆಯ ಅಧ್ಯಾಯದಲ್ಲಿ ಧೂಳಿನಲ್ಲಿ ಮಲಗಿದವರು ಎಚ್ಚೆತ್ತಾಗಲೇ ಅದು ದಕ್ಕುವುದು. ಯೋಹಾನನಲ್ಲಿ ಹಾಗಲ್ಲ. 5ನೆಯ ಅಧ್ಯಾಯದ 24ನೆಯ ವಚನದ ಪ್ರಕಾರ ನಂಬುವವನು ಆಗಲೇ ಅದನ್ನು ಹೊಂದಿದ್ದಾನೆ, ಮರಣವನ್ನು ದಾಟಿ ಜೀವಕ್ಕೆ ಬಂದಾಗಿದೆ. ಅದೇ ಅಧ್ಯಾಯದಲ್ಲಿ ನಾಲ್ಕೈದು ವಚನ ಕೆಳಗಿಳಿದರೆ ಸಮಾಧಿಯಲ್ಲಿರುವವರೆಲ್ಲ ಒಂದು ದಿನ ಎದ್ದು ಹೊರಗೆ ಬರುವ ಮಾತೂ ಇದೆ. ಪೌಲ ಇನ್ನೊಂದು ದಾರಿ ಹಿಡಿದ. ಪವಿತ್ರಾತ್ಮನನ್ನು ಆತ ಕರೆಯುವುದು ಸಂಚಕಾರ ಎಂದು. ಕೋಲಾರದ ಕಡೆ ಜಮೀನು ವ್ಯಾಪಾರ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂಗಡ ಕೈಸೇರಿದೆ, ನೋಂದಣಿ ಬಾಕಿ ಇದೆ. ವ್ಯಾಪಾರ ನಡುವೆ ಮುರಿದುಬೀಳಬಹುದೇ ಎಂಬುದೇ ಮುಂದಿನ ತಕರಾರೆಲ್ಲ.

ಮೊದಲ ತಲೆಮಾರುಗಳಿಗೆ ಕಡೇ ದಿನ ತೀರಾ ಹತ್ತಿರವಿತ್ತು, ಹಾಗಾಗಿ ನಡುವಿನ ಅವಧಿಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಅಂತಿಯೋಕ್ಯದ ಬಿಷಪ್ ಇಗ್ನಾಸಿಯುಸ್ ಎರಡನೆಯ ಶತಮಾನದ ಆರಂಭದಲ್ಲಿ, ಕೊಲ್ಲಿಸಿಕೊಳ್ಳಲು ರೋಮಿಗೆ ಹೋಗುವ ದಾರಿಯಲ್ಲೇ, ಕರ್ತನ ಭೋಜನದ ರೊಟ್ಟಿಯನ್ನು ಅಮರತ್ವದ ಔಷಧವೆಂದು ಬರೆದ. ಅದೇ ಶತಮಾನದ ನಡುವೆ ಜಸ್ಟಿನ್ ಎಂಬ ಪಂಡಿತ ಇನ್ನೊಂದು ತುದಿಗೆ ಹೋದ. ಪುನರುತ್ಥಾನವಿಲ್ಲ, ಸತ್ತ ಕೂಡಲೇ ಆತ್ಮ ಸ್ವರ್ಗಕ್ಕೆ ಹೋಗುತ್ತದೆ ಎನ್ನುವವರನ್ನು ಕ್ರೈಸ್ತರೆಂದೇ ಎಣಿಸಬೇಡಿ ಎಂದ. ಇವತ್ತು ನಮ್ಮ ಶವಸಂಸ್ಕಾರಗಳಲ್ಲಿ ಕೇಳಿಬರುವ "ಸ್ವರ್ಗ ಸೇರಿದರು" ಎಂಬ ಸಮಾಧಾನವನ್ನು ಆತ ಒಪ್ಪುತ್ತಿದ್ದನೋ ಇಲ್ಲವೋ. ಲಿಯೋನ್‌ನ ಐರಿನೇಯುಸ್ ಕೂಡ ಸತ್ತವರ ಆತ್ಮಗಳು ಕಣ್ಣಿಗೆ ಕಾಣದ ಒಂದು ಜಾಗದಲ್ಲಿ ಪುನರುತ್ಥಾನಕ್ಕೆ ಕಾಯುತ್ತವೆ ಎಂದೇ ಕಲಿಸಿದ.

ದೀಕ್ಷಾಸ್ನಾನದಲ್ಲೇ (ಕ್ಯಾಥೊಲಿಕರ ಮಾತಿನಲ್ಲಿ ಜ್ಞಾನಸ್ನಾನ) ಹೊಸ ಜೀವ ಶುರು ಎಂಬ ನಂಬಿಕೆ ಗಟ್ಟಿಯಾದಂತೆ ಒಂದು ವಿಚಿತ್ರ ರೂಢಿ ಬಂತು. ಸ್ನಾನವಾದ ಮೇಲೆ ಮಾಡಿದ ಪಾಪಕ್ಕೆ ಪರಿಹಾರ ಕಷ್ಟ ಎಂದು ಜನ ಸ್ನಾನವನ್ನೇ ಮುಂದೂಡತೊಡಗಿದರು. ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತ ಸಭೆಗಳ ಪಂಚಾಯಿತಿಗಳಿಗೆ ತಲೆಹಾಕಿದವನು, ತಾನು ಮಾತ್ರ 337ರಲ್ಲಿ ಸಾವಿನ ಹಾಸಿಗೆಯ ಮೇಲೆ ದೀಕ್ಷಾಸ್ನಾನ ಪಡೆದ. ಮುಂದಿನ ಶತಮಾನದಲ್ಲಿ ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್ ಈ ಲೆಕ್ಕಾಚಾರವನ್ನು ತಲೆಕೆಳಗು ಮಾಡಿದ. ಮಕ್ಕಳೂ ಆದಾಮನ ಪಾಪ ಹೊತ್ತೇ ಹುಟ್ಟುತ್ತವೆ, ತಡಮಾಡಬೇಡಿ ಎಂದ. ಕೂಡವೇ, ಕೊನೆತನಕ ತಾಳಿ ನಿಲ್ಲುವುದೂ ದೇವರ ದಾನವೇ, ಅದು ತನಗೆ ಸಿಕ್ಕಿದೆಯೆಂದು ಬದುಕಿರುವಾಗ ಯಾರೂ ಖಚಿತವಾಗಿ ಹೇಳಲಾರರು ಎಂದೂ ಬರೆದ. ಕೂಸಿಗೇ ಕೊಟ್ಟಾಯಿತು, ಆದರೆ ಕೊನೆಯವರೆಗೂ ಖಾತ್ರಿಯಿಲ್ಲ. ಕ್ಯಾಥೊಲಿಕರ ನಿಲುವು ಇವತ್ತಿಗೂ ಹೆಚ್ಚುಕಡಿಮೆ ಇದೇ.

ಸತ್ತ ಮೇಲಿನ ಸಂಗತಿ ಇತ್ಯರ್ಥವಾಗಲು ಮಾತ್ರ 1336ರವರೆಗೆ ಕಾಯಬೇಕಾಯಿತು. ಆ ಕತೆ ರೋಚಕವಾಗಿದೆ. ಆಗ ಪೋಪರ ಗದ್ದುಗೆ ರೋಮಿನಲ್ಲಿರಲಿಲ್ಲ, ಫ್ರಾನ್ಸಿನ ಅವಿನ್ಯೋನ್‌ನಲ್ಲಿತ್ತು. 1331ರ ಸಕಲ ಸಂತರ ಹಬ್ಬದಿಂದ ಶುರುಮಾಡಿ 22ನೆಯ ಜಾನ್ ಪೋಪ್ ಸಾಲಾಗಿ ಪ್ರಸಂಗ ಕೊಟ್ಟರು: ಸಂತರು ಕೂಡ ಅಂತಿಮ ತೀರ್ಪಿನ ದಿನದವರೆಗೆ ದೇವರನ್ನು ಮುಖಾಮುಖಿ ಕಾಣುವುದಿಲ್ಲ. ಕೇಳಿದವರು ಕಂಗಾಲಾದರು. ಸಂತರೇ ದೇವರೆದುರು ಇಲ್ಲವೆಂದ ಮೇಲೆ ನಾವು ಅವರಿಗೆ ಮೊರೆಯಿಡುವುದೇಕೆ? ಪ್ಯಾರಿಸಿನ ಪಂಡಿತರು ಒಪ್ಪಲಿಲ್ಲ, ಫ್ರಾನ್ಸಿನ ದೊರೆಯೂ ತಲೆಹಾಕಿದ, ಪೋಪರ ಮೇಲೆ ಮೊದಲೇ ಹಗೆಯಿದ್ದ ಫ್ರಾನ್ಸಿಸ್ಕನ್ ಸನ್ಯಾಸಿಗಳಂತೂ ಪಾಷಂಡಿ ಎಂದೇ ಕೂಗೆಬ್ಬಿಸಿದರು. ತೊಂಬತ್ತರ ಹತ್ತಿರದಲ್ಲಿದ್ದ ಪೋಪ್ 1334ರ ಡಿಸೆಂಬರಿನಲ್ಲಿ ತಾವು ಸಾಯುವ ಮುನ್ನಾದಿನ ಮಾತು ಹಿಂತೆಗೆದುಕೊಂಡರು. ಅವರ ನಂತರ ಬಂದ 12ನೆಯ ಬೆನೆಡಿಕ್ಟ್ 1336ರ ಜನವರಿ 29ರಂದು ಶಾಸನವನ್ನೇ ಹೊರಡಿಸಿದರು: ಕಳೆಯಬೇಕಾದ ಕಲ್ಮಷವಿಲ್ಲದ ಆತ್ಮ ಸತ್ತ ಕೂಡಲೇ ದೇವರನ್ನು ಕಾಣುತ್ತದೆ. ಕಲ್ಮಷ ಉಳಿದಿದ್ದರೆ, ಶುದ್ಧಿಯಾದ ಕೂಡಲೇ.

ಆ "ಉಳಿದಿದ್ದರೆ" ಎಂಬುದರ ಬೆಲೆ ತಿಳಿಯಬೇಕಾದರೆ ನವೆಂಬರ್ 2ರಂದು ಕೆಜಿಎಫ್‌ನ ಸಮಾಧಿಗಳ ಕಡೆಗೆ ಹೋಗಬೇಕು. ಅಲ್ಲಿಯ ತಮಿಳು ಕ್ಯಾಥೊಲಿಕರ ಬಾಯಲ್ಲಿ ಅದು ಕಲ್ಲರೈ ತಿರುನಾಳ್, ಅಂದರೆ ಸಮಾಧಿಗಳ ಹಬ್ಬ. ಕಳೆ ಕಿತ್ತು, ಸುಣ್ಣ ಬಳಿದು, ಚೆಂಡುಹೂವಿನ ಹಾರ ಹಾಕಿ, ಗಾಳಿಗೆ ಆರದಂತೆ ಮೇಣದಬತ್ತಿಗೆ ಅಂಗೈ ಮರೆಮಾಡಿಕೊಂಡು ಕೂರುತ್ತಾರೆ. ಫಾದರ್ ತೀರ್ಥ ಚಿಮುಕಿಸಿಕೊಂಡು ಸಾಲು ಸಾಲಾಗಿ ಬರುತ್ತಾರೆ. ಗಣಿಯ ಊರಿನಲ್ಲಿ ಈ ಪ್ರಾರ್ಥನೆಗೆ ಬೇರೆಯದೇ ತೂಕವಿತ್ತು. ನೆಲದಡಿ ಮೂರು ಕಿಲೋಮೀಟರಿಗೂ ಆಳ ಹೋದ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಬಂಡೆ ಸಿಡಿದರೆ ಪಾಪನಿವೇದನೆಗೂ ಅಂತ್ಯಾಭಿಷೇಕಕ್ಕೂ ಸಮಯವೆಲ್ಲಿ? ಅದೇ ಚಾಂಪಿಯನ್ ರೀಫ್ಸ್‌ನ ವಿಜಯಮಾತೆ ದೇವಾಲಯದಲ್ಲಿ ಮೊಣಕಾಲೂರಿದ ಹೆಂಗಸರಿಗೆ, ಗಂಡನ ಆತ್ಮಕ್ಕಾಗಿ ಇನ್ನೂ ಮಾಡಲು ಏನೋ ಉಳಿದಿದೆ ಎನ್ನುವುದೇ ಆಸರೆ. ಪೆಂಟೆಕೋಸ್ಟ್ ಸೇರಿದ ತಮ್ಮ ಮಾತ್ರ ಗೇಟಿನ ಆಚೆ ನಿಂತು, "ನಂಬಿ ಸತ್ತಿದ್ದರೆ ಆಗಲೇ ಕರ್ತನ ಹತ್ತಿರ ಇದ್ದಾರೆ, ಯಾರಿಗೆ ಪ್ರಾರ್ಥನೆ?" ಎನ್ನುತ್ತಾನೆ. ಅವನ ಮಾತಿನಲ್ಲಿ ಒರಟುತನವಿದೆ, ತರ್ಕದಲ್ಲಿ ದೋಷವಿಲ್ಲ. ಸತ್ತ ಮೇಲೆ ಆತ್ಮದ ಕಲ್ಮಷ ಕಳೆಯುವ ಶುದ್ಧೀಕರಣ ಸ್ಥಳವನ್ನು ಒಪ್ಪದವನಿಗೆ ಆ ಮೇಣದಬತ್ತಿ ವ್ಯರ್ಥವೇ.

"ನಿನಗೆ ರಕ್ಷಣೆ ಆಗಿದೆಯಾ?" ಎಂಬ ಪ್ರಶ್ನೆಯೇ ಒಮ್ಮೆ ಪ್ರಾಣ ತೆಗೆಯುವ ಬಲೆಯಾಗಿತ್ತು. 1431ರಲ್ಲಿ ಜೋನ್ ಆಫ್ ಆರ್ಕ್‌ಳನ್ನು ವಿಚಾರಣೆಗೆ ನಿಲ್ಲಿಸಿದಾಗ, ನೀನು ದೇವರ ಕೃಪೆಯಲ್ಲಿದ್ದೀಯಾ ಎಂದು ಕೇಳಿದರು. ಹೌದೆಂದರೆ ಅಹಂಕಾರ, ಇಲ್ಲವೆಂದರೆ ತಪ್ಪೊಪ್ಪಿಗೆ. ಹತ್ತೊಂಬತ್ತರ ಆಸುಪಾಸಿನ ಹುಡುಗಿ ಕೊಟ್ಟ ಉತ್ತರ: ಇಲ್ಲದಿದ್ದರೆ ದೇವರು ನನ್ನನ್ನು ಅದರೊಳಗೆ ಇಡಲಿ, ಇದ್ದರೆ ಅದರಲ್ಲೇ ಉಳಿಸಲಿ. ಕೆಜಿಎಫ್‌ನ ಓರಗಿತ್ತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಹುಡುಕಿಕೊಡಲಾರೆ. 1547ರ ಜನವರಿಯಲ್ಲಿ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ ಕಾನೂನು ಮಾಡಿದ್ದೂ ಇದೇ ಧಾಟಿಯಲ್ಲಿ: ಮಾರಕ ಪಾಪದಿಂದ ಕೃಪೆ ಕಳೆದುಹೋಗುತ್ತದೆ, ವಿಶೇಷ ದೈವಪ್ರಕಟಣೆಯಿಲ್ಲದೆ ಕೊನೆತನಕ ಉಳಿದೇ ಉಳಿಯುತ್ತೇನೆಂದು ಯಾರೂ ಹೇಳಕೂಡದು.

ಟ್ರೆಂಟ್ ಗುರಿಯಿಟ್ಟದ್ದು ಪೋಪರ ವಿರುದ್ಧ ಎದ್ದ ಜರ್ಮನಿಯ ಸುಧಾರಕ ಲೂಥರ್ ಮತ್ತವನ ಹಿಂದೆ ಹೊರಟವರ ಮೇಲೆ. ನಂಬಿದವನು ಆ ಕ್ಷಣವೇ ದೇವರೆದುರು ನೀತಿವಂತ ಎಂಬುದು ಲೂಥರನ ಬುನಾದಿ. ಆದರೆ ಸಾವಿನ ಮಾತು ಬಂದಾಗ ಅವನು ನಿದ್ದೆಯ ಭಾಷೆಯನ್ನೇ ಹೆಚ್ಚು ಬಳಸಿದ. ಆತ್ಮ ನಿದ್ರಿಸುತ್ತದೆ ಎಂಬುದನ್ನು ಇನ್ನೊಬ್ಬ ಸುಧಾರಕ ಕಾಲ್ವಿನ್ ಎಷ್ಟು ಅಪಾಯಕಾರಿ ಎಂದು ತಿಳಿದನೆಂದರೆ, ಅವನ ಮೊದಮೊದಲ ಧಾರ್ಮಿಕ ಬರಹವೇ ಅದರ ಖಂಡನೆ. ಅವನ ಹಿಂಬಾಲಕರು ಡಚ್ಚರ ನಾಡಿನ ಡಾರ್ಟ್‌ನಲ್ಲಿ 1618-19ರಲ್ಲಿ ಸಭೆ ಸೇರಿ, ದೇವರು ಆರಿಸಿಕೊಂಡವರು ಎಡವಬಹುದು, ಆದರೆ ಪೂರ್ತಿ ಬಿದ್ದುಹೋಗಲಾರರು ಎಂದು ತೀರ್ಮಾನಿಸಿದರು. ಅವರ ಎದುರಾಳಿಗಳಾದ, ಡಚ್ ಪಂಡಿತ ಅರ್ಮಿನಿಯಸ್‌ನ ಕಡೆಯವರು 1610ರಲ್ಲೇ ಬರೆದುಕೊಟ್ಟ ಐದು ಅಂಶಗಳಲ್ಲಿ ಐದನೆಯದು, ಬಿದ್ದುಹೋಗಬಹುದೇ ಎಂಬುದನ್ನು ಇನ್ನೂ ಪರಿಶೀಲಿಸಬೇಕು ಎಂದಷ್ಟೇ ಹೇಳಿತ್ತು. ಆಮೇಲೆ ಅವರು ಬೀಳಬಹುದು ಎನ್ನುವ ಕಡೆಗೇ ವಾಲಿದರು.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಎಂಬ ನಮ್ಮ ಮೂರು ಜಿಲ್ಲೆಗಳಿಗೆ ಈ ಡಚ್ ಜಗಳ ಬಂದು ಮುಟ್ಟಿದ್ದು ಇಂಗ್ಲೆಂಡಿನ ದಾರಿಯಾಗಿ. 1738ರ ಮೇ 24ರಂದು, ರಾತ್ರಿ ಒಂಬತ್ತಕ್ಕೆ ಕಾಲು ಗಂಟೆ ಇದ್ದಾಗ, ಲಂಡನ್ನಿನ ಒಂದು ಕೂಟದಲ್ಲಿ ಯಾರೋ ಲೂಥರನ ಬರಹ ಓದುತ್ತಿರಲು ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯ ಎದೆ ಬೆಚ್ಚಗಾಯಿತು. ತನ್ನ ಪಾಪ ಹೋಯಿತೆಂಬ ಭರವಸೆ ಹುಟ್ಟಿತು. ಗಂಟೆಯನ್ನೂ ಆತ ದಿನಚರಿಯಲ್ಲಿ ಗುರುತಿಟ್ಟ. ಇವತ್ತು ಸಾಕ್ಷಿ ಹೇಳುವವರು ತಾರೀಖು ಸಮೇತ ಹೇಳುವ ರೂಢಿಯ ಹಿರಿಯ ಮಾದರಿಗಳಲ್ಲಿ ಇದೂ ಒಂದು. ಆದರೆ ಅದೇ ವೆಸ್ಲಿ 1739ರ ಜನವರಿಯಲ್ಲಿ, ನಾನು ಈಗ ಕ್ರೈಸ್ತನೇ ಅಲ್ಲ ಎಂದೂ ಬರೆದುಕೊಂಡ! ಈ ಭಾಗವನ್ನು ಯಾವ ಸಾಕ್ಷಿಯಲ್ಲೂ ಹೇಳುವುದಿಲ್ಲ. ಸಿಕ್ಕಿದ ಜೀವ ಕಳೆದುಹೋಗಬಹುದು, ಮತ್ತೆ ಸಿಗಲೂಬಹುದು ಎಂಬುದು ಅವನ ಬೋಧನೆಯಾಯಿತು. ಗೆಳೆಯ ವೈಟ್‌ಫೀಲ್ಡ್ ಕಾಲ್ವಿನ್‌ನ ಕಡೆಗಿದ್ದ. ಇಬ್ಬರ ದಾರಿ ಬೇರೆಯಾಯಿತು. 1778ರಲ್ಲಿ ವೆಸ್ಲಿ ತೆಗೆದ ಪತ್ರಿಕೆಯ ಹೆಸರಿನಲ್ಲೇ ಅರ್ಮಿನಿಯಸ್ ಇದ್ದ.

ವೆಸ್ಲಿಯ ಪಂಥದವರು 1830ರ ದಶಕದ ಕೊನೆಗೆ ಗುಬ್ಬಿಯಲ್ಲಿ ನೆಲೆ ಹೂಡಿದರು, ತುಮಕೂರು ಸೀಮೆ ಅವರ ಪಾಲಾಯಿತು. ಚಿಕ್ಕಬಳ್ಳಾಪುರ ಲಂಡನ್ ಮಿಷನ್ನಿನದು. ಆ ಮಿಷನ್ನಿನ ಬೇರು ಹೆಚ್ಚಾಗಿ ಕಾಲ್ವಿನ್ ಪರಂಪರೆಯ ಕಾಂಗ್ರಿಗೇಷನಲ್ ಸಭೆಗಳಲ್ಲಿತ್ತು. ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ 1876-78ರ ಧಾತು-ಈಶ್ವರ ಬರಗಾಲದ ಅನಾಥ ಮಕ್ಕಳನ್ನು ಸಾಕಿ, 1890ರಲ್ಲಿ ಆ ಕೆಲಸವನ್ನು ಅಮೆರಿಕದ ಮೆಥೊಡಿಸ್ಟರಿಗೆ ಒಪ್ಪಿಸಿದರು. ಇವತ್ತಿನ ಕೋಲಾರದ ಮೆಥೊಡಿಸ್ಟ್ ಸಭೆ, ಇ.ಟಿ.ಸಿ.ಎಂ. ಆಸ್ಪತ್ರೆ ಆ ಕವಲಿನವು. ಡಾರ್ಟ್‌ನಲ್ಲಿ ಎದುರುಬದುರಾಗಿದ್ದ ಎರಡು ಪಕ್ಷಗಳ ಮೊಮ್ಮಕ್ಕಳು ಅಕ್ಕಪಕ್ಕದ ಊರುಗಳಲ್ಲಿ ಶಾಲೆ, ಆಸ್ಪತ್ರೆ ಕಟ್ಟಿಕೊಂಡಿದ್ದರು.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಸಿಎಸ್‌ಐ ಹುಟ್ಟಿದಾಗ ತುಮಕೂರಿನ ವೆಸ್ಲಿ ಪಂಥದವರೂ ಚಿಕ್ಕಬಳ್ಳಾಪುರದ ಲಂಡನ್ ಮಿಷನ್ನಿನವರೂ ಆಂಗ್ಲಿಕನರ ಜೊತೆ ಒಂದಾದರು. ಕೋಲಾರದ ಅಮೆರಿಕನ್ ಮೆಥೊಡಿಸ್ಟರು ಹೊರಗೇ ಉಳಿದರು. ಕೂಡಿಕೆಗೆ ಮುಂಚಿನ ದಶಕಗಳ ಚರ್ಚೆಯಲ್ಲಿ ಹೆಚ್ಚಿನ ಕಾವು ಹುಟ್ಟಿದ್ದು ಬಿಷಪರ ಅಧಿಕಾರದ ಬಗ್ಗೆ. ನಂಬಿದವನು ಬಿದ್ದುಹೋಗಬಹುದೇ ಎಂಬುದಕ್ಕೆ ಯಾರೂ ಒಂದಾಗುವಿಕೆಯನ್ನು ತಡೆಯಲಿಲ್ಲ. ದೇಹದ ಪುನರುತ್ಥಾನವನ್ನೂ ನಿತ್ಯಜೀವವನ್ನೂ ನಂಬುತ್ತೇನೆ ಎಂಬ ಹಳೆಯ ವಿಶ್ವಾಸಪ್ರಮಾಣವನ್ನು ಎಲ್ಲರೂ ಒಟ್ಟಿಗೆ ಹೇಳಬಲ್ಲವರಾಗಿದ್ದರು. ಅದರಲ್ಲಿ ತಾರೀಖಿನ ಮಾತಿಲ್ಲ. ಇದು ಜಾಣತನವೆಂದೇ ನನ್ನ ಎಣಿಕೆ. ಆದರೆ ಉತ್ತರ ಕೊಡದೆ ಬಿಟ್ಟ ಪ್ರಶ್ನೆ ಎಲ್ಲಿಗೂ ಹೋಗುವುದಿಲ್ಲ. ಅದನ್ನು ಎತ್ತಿಕೊಂಡವರು ಪೆಂಟೆಕೋಸ್ಟಿನವರು.

1906ರಲ್ಲಿ ಲಾಸ್ ಏಂಜಲಿಸ್‌ನ ಅಜೂಸಾ ಬೀದಿಯ ಕೂಟಗಳಿಂದ ದೊಡ್ಡದಾದ ಆ ಚಳವಳಿ ವೆಸ್ಲಿಯ ಪರಂಪರೆಗೇ ಬಹಳ ಋಣಿ. ಹಾಗಾಗಿ ಅವರ ಬಹುತೇಕ ಸಭೆಗಳಲ್ಲಿ ಎರಡು ಮಾತೂ ಒಟ್ಟಿಗಿವೆ: ಇವತ್ತೇ ನಿತ್ಯಜೀವ ಸಿಗುತ್ತದೆ, ಹಿಂಜಾರಿದರೆ ನಾಳೆ ಹೋಗುತ್ತದೆ. ಕೂಟದ ಕೊನೆಗೆ ಮುಂದೆ ಬಂದು ಅಳುವವರಲ್ಲಿ ಹೋದ ಸಲ ಅತ್ತವರೂ ಇರುವುದಕ್ಕೆ ಇದೇ ಕಾರಣ. ಮಗುವಾಗಿದ್ದಾಗಿನ ಸ್ನಾನವನ್ನು ಅವರು ಒಪ್ಪುವುದಿಲ್ಲ, ಮುಳುಗು ದೀಕ್ಷಾಸ್ನಾನವೇ ಆಗಬೇಕು. ಸಿಎಸ್‌ಐ, ಮೆಥೊಡಿಸ್ಟ್ ಮನೆಗಳಲ್ಲಿ ಸಂಕಟವಾಗುವುದು ಇಲ್ಲೇ. ಮಗ ಎರಡನೆಯ ಸಲ ನೀರಿಗಿಳಿದನೆಂದರೆ, ತಾವು ತೊಟ್ಟಿಲ ಕೂಸಿಗೆ ಮಾಡಿಸಿದ್ದು ದೀಕ್ಷಾಸ್ನಾನವೇ ಅಲ್ಲವೆಂದು ಊರ ಮುಂದೆ ಹೇಳಿದ ಹಾಗೆ. ಹಲವು ಬ್ಯಾಪ್ಟಿಸ್ಟ್, ಬ್ರದರನ್ ಸಭೆಗಳೂ ದೊಡ್ಡವರನ್ನೇ ಮುಳುಗಿಸುತ್ತವೆ, ಆದರೆ ಒಮ್ಮೆ ಸಿಕ್ಕರೆ ಸಿಕ್ಕಿದ್ದೇ, ಕಳೆಯುವ ಮಾತಿಲ್ಲ ಎನ್ನುತ್ತವೆ.

ಏಳನೆಯ ದಿನದ ಅಡ್ವೆಂಟಿಸ್ಟರು ಸತ್ತವರಿಗೆ ಪುನರುತ್ಥಾನದವರೆಗೆ ಎಚ್ಚರವಿಲ್ಲ, ಅಮರತ್ವ ಸಿಗುವುದು ಆಮೇಲೆ ಎಂದು ಕಲಿಸುತ್ತಾರೆ. ಜಸ್ಟಿನ್‌ನ ಹಾಗೆ ಇವರೂ ಭರವಸೆಯನ್ನೆಲ್ಲ ಪುನರುತ್ಥಾನದ ಮೇಲೇ ಇಡುತ್ತಾರೆ. ಮನೆಮನೆಗೆ ಬರುವ ಯೆಹೋವನ ಸಾಕ್ಷಿಗಳ ಪ್ರಕಾರ ಸ್ವರ್ಗಕ್ಕೆ 1,44,000 ಜನ ಮಾತ್ರ, ಉಳಿದ ನಂಬಿಗಸ್ತರಿಗೆ ಈ ಭೂಮಿಯ ಮೇಲೆಯೇ ನಿತ್ಯಜೀವ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ತ್ರಿತ್ವವನ್ನು ಒಪ್ಪದ ಇವರನ್ನು ಉಳಿದ ಸಭೆಗಳು ಕ್ರೈಸ್ತರ ಸಾಲಿಗೆ ಸೇರಿಸುವುದಿಲ್ಲ.

ಮೇಲಿನವರ ಮಟ್ಟದಲ್ಲಿ ಜಗಳ ಸಾಕಷ್ಟು ತಣ್ಣಗಾಗಿದೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರೂ ಲೂಥರನರೂ ನೀತೀಕರಣದ (ಪಾಪಿ ದೇವರೆದುರು ನೀತಿವಂತನಾಗುವುದರ) ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಿದರು: ನಮ್ಮ ಪುಣ್ಯದಿಂದಲ್ಲ, ಕೃಪೆಯಿಂದ ಮಾತ್ರ. 2006ರಲ್ಲಿ ವಿಶ್ವ ಮೆಥೊಡಿಸ್ಟ್ ಮಂಡಳಿಯೂ, 2017ರಲ್ಲಿ ಕಾಲ್ವಿನ್ ಪರಂಪರೆಯ ಸಭೆಗಳ ವಿಶ್ವ ಒಕ್ಕೂಟವೂ ಅದಕ್ಕೆ ದನಿಗೂಡಿಸಿದವು. ಭರವಸೆ ಎಷ್ಟು ಗಟ್ಟಿ ಎಂಬ ವಿಷಯದಲ್ಲಿ ಒತ್ತು ಕೊಡುವ ಕಡೆ ಬೇರೆ ಬೇರೆ, ಅದಕ್ಕಾಗಿ ಒಬ್ಬರನ್ನೊಬ್ಬರು ಶಪಿಸಬೇಕಿಲ್ಲ ಎಂಬಷ್ಟಕ್ಕೆ ಬಂದಿದ್ದಾರೆ. ಕೋಲಾರದ ಮೆಥೊಡಿಸ್ಟ್, ಚಿಕ್ಕಬಳ್ಳಾಪುರದ ಸಿಎಸ್‌ಐ, ಚಾಂಪಿಯನ್ ರೀಫ್ಸ್‌ನ ಕ್ಯಾಥೊಲಿಕ್ ಮೂವರ ಮೂಲ ಮನೆಗಳೂ ಹೀಗೆ ಒಂದು ಕಾಗದದ ಮೇಲೆ ಬಂದಂತಾಯಿತು. ಓರಗಿತ್ತಿಯನ್ನು ತಾರೀಖು ಕೇಳುವ ಪೆಂಟೆಕೋಸ್ಟ್ ಸಭೆಗಳು ಮಾತ್ರ ಆ ಕಾಗದಕ್ಕೆ ಸಹಿ ಹಾಕಿದವರ ಪೈಕಿ ಇಲ್ಲ.