ಎಚ್‌ಡಿ ವಿಡಿಯೊ ಡಿವಿಡಿಗೆ ಇಳಿದಾಗ ಮಂಕಾಗುವುದು ಯಾಕೆ?

ಎಡಿಟ್ ಮಾಡುವಾಗ ಕನ್ನಡಿಯ ಹಾಗೆ ಕಾಣುತ್ತಿದ್ದ ವಿಡಿಯೊ, ಡಿವಿಡಿಗೆ ಬರೆದ ಮೇಲೆ ಮಂಕಾಗುತ್ತದೆ. ಅಂಚುಗಳು ಮೆಟ್ಟಿಲಿನಂತಾಗುತ್ತವೆ. ಯಾರಾದರೂ ಓಡಿದರೆ ಮೈತುಂಬ ಬಾಚಣಿಗೆಯಂಥ ಗೆರೆಗಳು. ಡಿವಿಡಿ ಅಂದ್ರೆ ಇಷ್ಟೇ ಎಂದು ಸುಮ್ಮನಾಗುವವರೇ ಜಾಸ್ತಿ. ಆದರೆ ಮಾರಾಟಕ್ಕೆ ಬರುತ್ತಿದ್ದ ಸಿನಿಮಾ ಡಿವಿಡಿಗಳೂ ಇದೇ ಅಳತೆಯವು. ಅವು ಚೆನ್ನಾಗಿಯೇ ಕಾಣುತ್ತಿದ್ದವು ಅಲ್ವಾ?

ಡಿವಿಡಿಯ ಮಿತಿಗಳು ನಿಗದಿಯಾದದ್ದು 1995ರಲ್ಲಿ. ಮರುವರ್ಷ ಜಪಾನಿನಲ್ಲಿ ಪ್ಲೇಯರ್‌ಗಳು ಮಾರಾಟಕ್ಕೆ ಬಂದವು. ಆಗ ಮನೆಗಳಲ್ಲಿದ್ದದ್ದು ಟ್ಯೂಬ್ ಟಿವಿ. ಆಗ ಟಿವಿ ಪದ್ಧತಿಗಳಲ್ಲಿ ಪಾಲ್, ಎನ್‌ಟಿಎಸ್‌ಸಿ ಎಂಬ ಬಗೆಗಳಿದ್ದವು. ಅದಕ್ಕೆ ತಕ್ಕಂತೆ ಪಾಲ್ ದೇಶಗಳಿಗೆ 720×576, ಎನ್‌ಟಿಎಸ್‌ಸಿ ದೇಶಗಳಿಗೆ 720×480 ಪಿಕ್ಸೆಲ್. ಕಂಪ್ರೆಷನ್, ಅಂದರೆ ಫೈಲನ್ನು ಚಿಕ್ಕದಾಗಿಸುವ ವಿಧಾನ, ಎಂಪೆಗ್-2. ವಿಡಿಯೊಗೆ ಸೆಕೆಂಡಿಗೆ ಹೆಚ್ಚೆಂದರೆ 9.8 ಮೆಗಾಬಿಟ್.

ಕೆಲವು ವರ್ಷ ಇದರಿಂದ ಯಾರಿಗೂ ತಲೆನೋವಾಗಲಿಲ್ಲ. ಸಣ್ಣ ಟೇಪಿಗೆ ಚಿತ್ರ ತೆಗೆಯುತ್ತಿದ್ದ ಮಿನಿ ಡಿವಿ ಕ್ಯಾಮೆರಾ ಕೊಡುತ್ತಿದ್ದ ಚಿತ್ರವೂ ಅದೇ ಅಳತೆಯದು. ಕುಗ್ಗಿಸುವ ಕೆಲಸವೇ ಇರಲಿಲ್ಲ. 2003ರಲ್ಲಿ ಎಚ್‌ಡಿವಿ ಎಂಬ ಎಚ್‌ಡಿ ಮಾದರಿ ಬಂತು. ಟೇಪು ಅದೇ, ಚಿತ್ರ ಮಾತ್ರ 1440×1080ರವರೆಗೆ. 2006ರಲ್ಲಿ ಸೋನಿ, ಪ್ಯಾನಸೋನಿಕ್ ಸೇರಿ ಕ್ಯಾಮೆರಾಗಳಿಗೆ ಎವಿಸಿಎಚ್‌ಡಿ ಎಂಬ ಇನ್ನೊಂದು ಎಚ್‌ಡಿ ಮಾದರಿ ತಂದವು. ಎಚ್‌ಡಿ ಹಿಡಿಸುವ ಬ್ಲೂ-ರೇ ಡಿಸ್ಕ್ ಬಂದದ್ದೂ ಅದೇ ವರ್ಷವೇ. ಆದರೆ ನೋಡುವವರ ಮನೆಯಲ್ಲಿ ಇನ್ನೂ ಡಿವಿಡಿ ಪ್ಲೇಯರ್ರೇ ಇತ್ತು. ತೊಡಕು ಶುರುವಾದದ್ದು ಇಲ್ಲಿ.

1920×1080ರ ಒಂದು ಫ್ರೇಮ್‌ನಲ್ಲಿ 20 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್. ಪಾಲ್ ಡಿವಿಡಿಯಲ್ಲಿ ಸರಿಯಾಗಿ ಅದರ ಐದನೇ ಒಂದು ಭಾಗ. ಉಳಿದದ್ದನ್ನು ಬಿಡಲೇಬೇಕು. ಬಿಡುವ ರೀತಿಯಲ್ಲೇ ಎಡವಟ್ಟಾಗುವುದು.

ಆ ಕಾಲದ ಬಹಳಷ್ಟು ಎಚ್‌ಡಿ ಕ್ಯಾಮೆರಾಗಳು ಇಂಟರ್‌ಲೇಸ್ ಆಗಿ ಚಿತ್ರ ತೆಗೆಯುತ್ತಿದ್ದವು. ಅಂದರೆ ಒಂದು ಫ್ರೇಮ್‌ನೊಳಗೆ ಎರಡು ಫೀಲ್ಡ್. ಬೆಸ ಗೆರೆಗಳು ಒಂದು ಕ್ಷಣದವು, ಸಮ ಗೆರೆಗಳು ಅದರ ಮುಂದಿನ ಕ್ಷಣದವು. ಈ 1080 ಗೆರೆಗಳನ್ನು ಹಾಗೇ 576ಕ್ಕೆ ಅಮುಕಿದರೆ ಎರಡು ಕ್ಷಣಗಳು ಕಲಸಿಹೋಗುತ್ತವೆ. ಆಮೇಲೆ ಅದನ್ನು ಬಿಡಿಸುವುದು ಮೊಸರಿನಿಂದ ಹಾಲು ತೆಗೆದ ಹಾಗೆ. ಫೀಲ್ಡ್‌ಗಳನ್ನು ಮೊದಲು ಬಿಡಿಸಿ, ಸೆಕೆಂಡಿಗೆ 50 ಪೂರ್ತಿ ಫ್ರೇಮ್ ಮಾಡಿಕೊಂಡು, ಲ್ಯಾಂಕ್ಜೋಸ್‌ನಂಥ ಒಳ್ಳೆಯ ಫಿಲ್ಟರ್‌ನಿಂದ ಕುಗ್ಗಿಸಿ, ಕೊನೆಗೆ ಮತ್ತೆ ಎರಡೆರಡು ಫೀಲ್ಡ್‌ಗಳ ಫ್ರೇಮ್‌ಗಳಾಗಿ ಹೆಣೆಯಬೇಕು. ಹೊತ್ತು ಹಿಡಿಯುತ್ತದೆ, ನಿಜ.

ಹಳೆಯ ಅಭ್ಯಾಸದ ಕಾಟವೂ ಉಂಟು. ಡಿವಿ ಟೇಪಿನಲ್ಲಿ ಕೆಳಗಿನ ಫೀಲ್ಡ್ ಮೊದಲು, ಎಚ್‌ಡಿಯಲ್ಲಿ ಮೇಲಿನದು ಮೊದಲು. ಹಳೆಯ ಸೆಟ್ಟಿಂಗನ್ನೇ ಉಳಿಸಿಕೊಂಡರೆ ಚಲನೆ ಮುಂದೆ ಒಂದು ಹೆಜ್ಜೆ, ಹಿಂದೆ ಒಂದು ಹೆಜ್ಜೆ ಅಂತ ನಡುಗುತ್ತದೆ.

ಇನ್ನೊಂದು ತಪ್ಪನ್ನು ನಾನೂ ಮಾಡಿದ್ದೇನೆ. ಎಡಿಟ್ ಮುಗಿದ ಮೇಲೆ ಎಚ್.264 ಎಂಬ ಕಂಪ್ರೆಷನ್ನಿನಲ್ಲಿ ಸಣ್ಣ ಫೈಲ್ ಮಾಡಿ, ಅದರಿಂದ ಡಿವಿಡಿ ಮಾಡುವುದು. ಆಗ ಎಂಪೆಗ್-2 ಮೊದಲ ಕಂಪ್ರೆಷನ್ನಿನ ಕೊಳೆಯನ್ನೂ ಚಿತ್ರವೆಂದೇ ತಿಳಿದು ಅದಕ್ಕೂ ಬಿಟ್ ಖರ್ಚು ಮಾಡುತ್ತದೆ. ಎಡಿಟಿಂಗ್ ಟೈಮ್‌ಲೈನ್‌ನಿಂದ ನೇರವಾಗಿ ಅಥವಾ ಪ್ರೋರೆಸ್‌ನಂಥ, ಕಡಿಮೆ ಕಂಪ್ರೆಸ್ ಆದ ದೊಡ್ಡ ಫೈಲಿನಿಂದ ಹೋಗುವುದೇ ಲೇಸು.

ಬಿಟ್ ಅಷ್ಟು ದುಬಾರಿ ಯಾಕೆಂದರೆ, 4.7 ಜಿಬಿಯ ಡಿಸ್ಕ್‌ನಲ್ಲಿ ಎರಡು ಗಂಟೆ ತುಂಬಿದರೆ ದನಿಯೂ ಸೇರಿ ಸೆಕೆಂಡಿಗೆ ಸಿಗುವುದು ಸುಮಾರು 5 ಮೆಗಾಬಿಟ್. ಕಂಪ್ರೆಸ್ ಮಾಡದ ಪಿಸಿಎಂ ದನಿ ಅದರಲ್ಲಿ 1.5 ಅನ್ನು ನುಂಗುತ್ತದೆ. ಡಾಲ್ಬಿ ಡಿಜಿಟಲ್ ಸ್ಟೀರಿಯೊಗೆ 0.2 ಸಾಕು. ಉಳಿದದ್ದು ಚಿತ್ರದ ಪಾಲಿಗೆ.