ಸ್ಪೀಕರ್ ಬದಲಿಸುವ ಮುಂಚೆ ಬಾಗಿಲು ತಟ್ಟಿ ನೋಡಿ

"ಯಾವ ಸ್ಪೀಕರ್ ಹಾಕಿಸಿದ್ರೆ ಒಳ್ಳೇದು ಸಾರ್?" ಕಾರಿನ ಸೌಂಡ್ ಸರಿಯಿಲ್ಲ ಅಂತ ಬರುವವರು ಮೊದಲು ಕೇಳುವುದು ಇದನ್ನೇ. ನಾನು ಉತ್ತರ ಕೊಡುವುದಿಲ್ಲ. ಬೆರಳಿನ ಗೆಣ್ಣಿನಿಂದ ಅವರ ಕಾರಿನ ಬಾಗಿಲನ್ನು ಹೊರಗಿನಿಂದ ತಟ್ಟುತ್ತೇನೆ. ಟಣ್ ಅನ್ನುತ್ತದೆ, ಖಾಲಿ ಡಬ್ಬದ ಹಾಗೆ. ನಿಮ್ಮ ಸ್ಪೀಕರ್ ಕೂತಿರುವುದು ಈ ಡಬ್ಬದಲ್ಲಿ ಅಂತ ಹೇಳಿದರೆ ಹೆಚ್ಚಿನವರು ತಾವೂ ಒಮ್ಮೆ ತಟ್ಟಿ ನೋಡುತ್ತಾರೆ.

ಆದರೆ ಬಾಗಿಲು ಬಿಚ್ಚುವ ಮೊದಲು, ಹಾಡನ್ನು ಕೆಡಿಸುವ ಸದ್ದು ಎಲ್ಲಿಯದು ಅಂತ ತಿಳಿಯಲು, ಕಾರನ್ನು ಒಂದು ಸುತ್ತು ಓಡಿಸಲೇಬೇಕು. ಹಾಡು ಬೇಡ, ಎ.ಸಿ. ಬೇಡ, ಗಾಜು ಮುಚ್ಚಿರಲಿ. ಒಳಗೆ ಬರುವ ಸದ್ದಿಗೆ ಮೂರು ದಾರಿ: ಎಂಜಿನ್, ಟೈರು, ಗಾಳಿ. ನಿಂತಲ್ಲೇ ಆಕ್ಸಿಲರೇಟರ್ ಒತ್ತಿದಾಗಲೂ ಅದೇ ಸದ್ದು ಬಂದರೆ ಅದು ಎಂಜಿನ್ ಅಥವಾ ಸೈಲೆನ್ಸರ್ ಕಡೆಯದು. ಒರಟು ರಸ್ತೆಯಿಂದ ನುಣುಪು ಡಾಂಬರಿಗೆ ಬಂದ ಕೂಡಲೇ ಇಳಿದರೆ ಟೈರಿನದು. ಗಂಟೆಗೆ 80-90 ಕಿಲೋಮೀಟರ್ ದಾಟಿದ ಮೇಲೆ ಕಿವಿಯ ಪಕ್ಕದಲ್ಲೇ ಸುಯ್ ಅಂತ ಶುರುವಾದರೆ ಗಾಳಿಯದು.

ಒಬ್ಬರು ನೆಲಕ್ಕೆಲ್ಲ ಸದ್ದು ತಗ್ಗಿಸುವ ಶೀಟ್ ಹಾಕಿಸಬೇಕು ಅಂತ ಬಂದಿದ್ದರು. ಗೂಂ ಅನ್ನುವ ಸದ್ದು, ವೇಗ ಏರಿದ ಹಾಗೆ ಅದೂ ಏರುತ್ತಿತ್ತು. ಖಾಲಿ ರಸ್ತೆಯಲ್ಲಿ ಸ್ಟೇರಿಂಗನ್ನು ನಿಧಾನವಾಗಿ ಬಲಕ್ಕೆ ಎಳೆದೆ, ಸದ್ದು ಜಾಸ್ತಿಯಾಯಿತು. ಎಡಕ್ಕೆ ಎಳೆದೆ, ಇಳಿಯಿತು. ಬಲಕ್ಕೆ ತಿರುಗುವಾಗ ಭಾರ ಎಡ ಚಕ್ರದ ಮೇಲೆ ಬೀಳುತ್ತದೆ. ಅಂದರೆ ಎಡಗಡೆಯ ವೀಲ್ ಬೇರಿಂಗ್ ಹೋಗಿದೆ. ಶೀಟ್ ಹಾಕಿದ್ದರೆ ಸದ್ದು ಒಂದಿಷ್ಟು ಮುಚ್ಚಿಹೋಗುತ್ತಿತ್ತು, ಬೇರಿಂಗ್ ಸುಮ್ನೆ ಸವೆಯುತ್ತಲೇ ಇರುತ್ತಿತ್ತು. ಮೆಕ್ಯಾನಿಕ್ ಹತ್ತಿರ ಕಳಿಸಿದೆ. ಅವತ್ತಿನ ನನ್ನ ಕೆಲಸ ಹೋಯಿತು, ಬಿಡಿ.

ಟೈರನ್ನೂ ಕೈಯಿಂದಲೇ ನೋಡಬಹುದು. ಕಾರು ನಿಂತಿರುವಾಗ ಟ್ರೆಡ್ (ರಸ್ತೆಗೆ ತಾಗುವ ಭಾಗ) ಮೇಲೆ ಅಂಗೈಯನ್ನು ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಸವರಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ತಡೆದರೆ ಸವೆತ ಹಾದಿ ತಪ್ಪಿದೆ. ಆ ಟೈರು ಕೂಗುತ್ತಲೇ ಇರುತ್ತದೆ. ಗಾಳಿ ಜಾಸ್ತಿ ತುಂಬಿಸಿದರೂ ಟೈರು ಗಟ್ಟಿಯಾಗಿ ರಸ್ತೆಯ ಪ್ರತಿ ಕಲ್ಲನ್ನೂ ಒಳಗೆ ಕಳಿಸುತ್ತದೆ. ಇನ್ನೊಂದು ವಿಷಯ: ಯುರೋಪಿನ ಟೈರ್ ಲೇಬಲ್ ಮೇಲೆ ಡೆಸಿಬಲ್ (ಸದ್ದಿನ ಅಳತೆ) ಅಂಕಿ ಇರುತ್ತದಲ್ಲ, ಅದು ಕಾರು ಹಾದುಹೋಗುವಾಗ ಹೊರಗೆ ಅಳೆದದ್ದು. ಒಳಗೆ ಎಷ್ಟು ಕೇಳುತ್ತದೆ ಅಂತ ಅದರಿಂದ ಗೊತ್ತಾಗುವುದಿಲ್ಲ.

ಗಾಳಿಯ ಸದ್ದಿಗೆ ಒಂದು ಚೂರು ಕಾಗದ ಸಾಕು. ಬಾಗಿಲಿನ ರಬ್ಬರ್ ಬೀಡಿಂಗ್‌ಗೆ ಕಾಗದ ಸಿಕ್ಕಿಸಿ ಬಾಗಿಲು ಮುಚ್ಚಿ, ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಸಲೀಸಾಗಿ ಜಾರಿದರೆ ಅಲ್ಲಿ ಬೀಡಿಂಗ್ ಚಪ್ಪಟೆಯಾಗಿದೆ, ಇಲ್ಲವೇ ಬಾಗಿಲು ಜೋತುಬಿದ್ದಿದೆ. ಸಂದಿಯನ್ನು ಸಣ್ಣದು ಅಂತ ಬಿಡಬೇಡಿ. ಎಷ್ಟೇ ದಪ್ಪದ ಗೋಡೆಯಾದರೂ ಅದರಲ್ಲಿ ನೂರಕ್ಕೆ ಒಂದು ಭಾಗದಷ್ಟು ತೂತಿದ್ದರೆ 20 ಡೆಸಿಬಲ್‌ಗಿಂತ ಹೆಚ್ಚು ತಡೆಯಲಾರದು.

ಇನ್ನು ಬಾಗಿಲಿಗೆ ಬರೋಣ.

ಅಂಟಿಸುವ ವಸ್ತುಗಳೆಲ್ಲ ಒಂದೇ ಅಂತ ಜನ ತಿಳಿದಿದ್ದಾರೆ. ಹಾಗಲ್ಲ. ಅಲ್ಯೂಮಿನಿಯಂ ಹಾಳೆ ಹೊದಿಸಿದ ಬ್ಯೂಟೈಲ್ (ಅಂಟುವ ರಬ್ಬರ್) ಶೀಟ್ ತಗಡಿನ ನಡುಕವನ್ನು ನಿಲ್ಲಿಸುತ್ತದೆ, ಅಷ್ಟೇ. ಹೊರಗಿನ ಸದ್ದು ಒಳಗೆ ಬಾರದಂತೆ ತಡೆಯುವುದಕ್ಕೆ ತೂಕದ ಪದರ ಬೇಕು, ಅದೂ ಸಂದಿಯಿಲ್ಲದೆ. ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಉಜ್ಜುವ ಕಿರಿಕಿರಿಗೆ ಫೋಮ್. ನಡುಗದ ಜಾಗಕ್ಕೆ ಶೀಟ್ ಅಂಟಿಸಿದರೆ ಕಾರಿನ ತೂಕ ಏರುತ್ತದೆ, ಬೇರೇನೂ ಆಗುವುದಿಲ್ಲ. ಡಾಂಬರಿನ ಶೀಟ್ ಅಂತೂ ಬೇಡವೇ ಬೇಡ. ಬಿಸಿಲಿಗೆ ಮೆತ್ತಗಾಗಿ ನಾರುತ್ತದೆ, ಕೊನೆಗೆ ಕಳಚಿ ಬೀಳುತ್ತದೆ. ಹಾಸಿಗೆ ಫೋಮೂ ಬೇಡ, ಅದು ನೀರು ಕುಡಿಯುತ್ತದೆ, ಬೆಂಕಿಗೂ ಬೇಗ ಸಿಗುತ್ತದೆ. ಅಮೆರಿಕದ ಎಫ್‌ಎಂವಿಎಸ್‌ಎಸ್ 302 ನಿಯಮದ ಪ್ರಕಾರ ಕಾರಿನ ಒಳಗಿನ ವಸ್ತು ನಿಮಿಷಕ್ಕೆ 102 ಮಿಲಿಮೀಟರ್‌ಗಿಂತ ವೇಗವಾಗಿ ಉರಿಯಬಾರದು. ಕೊಳ್ಳುವಾಗ ಅಂಥದ್ದೊಂದು ಪರೀಕ್ಷೆ ಪಾಸಾಗಿದೆಯಾ ಅಂತ ಕೇಳಿ.

ಒಳಗಿನ ಪ್ಯಾಡ್ ಬಿಚ್ಚಿದರೆ ತೆಳು ಪ್ಲಾಸ್ಟಿಕ್ ಹಾಳೆ ಕಾಣುತ್ತದೆ, ಸುತ್ತ ಕಪ್ಪು ಅಂಟು. ಅದನ್ನು ಹರಿಯದಂತೆ ನಿಧಾನವಾಗಿ ಎಬ್ಬಿಸಬೇಕು. ಒಳಗೆ ಕೈ ಹಾಕಿದರೆ ಹೊರ ತಗಡಿನ ಮೇಲೆ ಧೂಳು, ಜಿಡ್ಡು. ಅದನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೂ ಒರೆಸುತ್ತೇನೆ. ಕೆಲಸದಲ್ಲಿ ಅರ್ಧ ಇದೇ. ಆಮೇಲೆ ಶೀಟಿನ ತುಂಡುಗಳನ್ನು ತಗಡಿನ ನಡುಭಾಗಕ್ಕೆ ಅಂಟಿಸಿ, ಶೀಟಿನ ಮೇಲಿನ ಉಬ್ಬು ಗೆರೆಗಳು ಮಟ್ಟವಾಗುವಷ್ಟು ರೋಲರ್ ಒತ್ತಬೇಕು. ಪೂರ್ತಿ ಮುಚ್ಚಬೇಕಿಲ್ಲ. ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ಮುಚ್ಚಿದರೆ ಟಣ್ ಹೋಗಿ ಡಪ್ ಆಗುತ್ತದೆ. ಅಲ್ಲಿಂದಾಚೆ ಹಾಕಿದಷ್ಟೂ ಲಾಭ ಕಡಿಮೆ.

ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿವೆ, ಅವುಗಳನ್ನು ಮುಚ್ಚಲೇಬೇಡಿ. ಮಳೆ ಬಂದಾಗ ಗಾಜಿನ ಸಂದಿಯಿಂದ ಇಳಿದ ನೀರು ಹೊರಗೆ ಹೋಗುವುದು ಅಲ್ಲಿಂದಲೇ. ಮುಚ್ಚಿದರೆ ಬಾಗಿಲು ತುಕ್ಕು ಹಿಡಿಯುತ್ತದೆ. ಗಾಜನ್ನು ಪೂರ್ತಿ ಇಳಿಸಿ, ಎಲ್ಲೂ ತಾಗುತ್ತಿಲ್ಲ ಅಂತ ನೋಡಿ. ಕೆಲವು ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್ ಉಬ್ಬಬೇಕೋ ಬೇಡವೋ ಅನ್ನುವುದನ್ನು ಬಾಗಿಲಿನೊಳಗಿನ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಹೇಳುತ್ತದೆ. ಅಂಥ ಬಾಗಿಲಿನಲ್ಲಿ ಕಂಪನಿ ತೆರೆದಿಟ್ಟದ್ದು ತೆರೆದೇ, ಮುಚ್ಚಿದ್ದು ಮುಚ್ಚಿಯೇ ಇರಬೇಕು. ನಾನು ಸರ್ವೀಸ್ ಮ್ಯಾನ್ಯುಯಲ್ ನೋಡದೆ ಅಂಥದ್ದಕ್ಕೆ ಕೈ ಹಾಕುವುದಿಲ್ಲ.

ಸೆನ್ಸರ್ ಇಲ್ಲದ ಬಾಗಿಲಿನಲ್ಲಿ ಒಳ ತಗಡಿನ ದೊಡ್ಡ ತೂತುಗಳನ್ನು ಮುಚ್ಚುವುದೇ ನಿಜವಾದ ಮಜಾ. ಸ್ಪೀಕರಿನ ಕೋನ್ (ನಡುಗುವ ಬಟ್ಟಲಿನಂಥ ಭಾಗ) ಮುಂದಕ್ಕೆ ಗಾಳಿಯನ್ನು ತಳ್ಳುವಾಗ ಹಿಂದಿನಿಂದ ಎಳೆಯುತ್ತದೆ. ಈ ಎರಡು ಅಲೆಗಳೂ ತೂತಿನ ಮೂಲಕ ಸೇರಿಕೊಂಡರೆ ಒಂದನ್ನೊಂದು ತಿಂದುಹಾಕಿ ಬೇಸ್, ಅಂದರೆ ತಗ್ಗು ಸ್ವರ, ಕಾಣೆಯಾಗುತ್ತದೆ. ತೆಳು ಪ್ಲಾಸ್ಟಿಕ್ ಹಾಳೆ ಅದನ್ನು ತಡೆಯಲಾರದು. ತೂತುಗಳಿಗೆ ಗಟ್ಟಿ ಹಲಗೆ ಕೂರಿಸಿ ಮೇಲೆ ಶೀಟ್ ಹೊಡೆದರೆ ಕಂಪನಿಯ ಹಳೇ ಸ್ಪೀಕರಿನಿಂದಲೇ ಬೇಸ್ ಬರುತ್ತದೆ. "ಸಬ್‌ವೂಫರ್ ಇಟ್ರಾ?" ಅಂತ ಸೀಟಿನ ಕೆಳಗೆ ಬಗ್ಗಿ ನೋಡಿದವರಿದ್ದಾರೆ.

ಸದ್ದು ಕಮ್ಮಿಯಾದರೆ ಹಾಡು ಯಾಕೆ ಚೆನ್ನಾಗುತ್ತದೆ? ರಸ್ತೆಯ ಸದ್ದು ಹೆಚ್ಚಾಗಿ ತಗ್ಗು ಸ್ವರದ್ದು. ಬೇಸ್ ಇರುವ ಜಾಗವನ್ನೇ ಅದು ಆಕ್ರಮಿಸುತ್ತದೆ. ಬೇಸ್ ಕೇಳುತ್ತಿಲ್ಲ ಅಂತ ವಾಲ್ಯೂಮ್ ಏರಿಸುತ್ತೇವೆ, ಆಗ ಟ್ವೀಟರ್ (ಏರು ಸ್ವರದ ಸಣ್ಣ ಸ್ಪೀಕರ್) ಕಿವಿ ಕೊರೆಯುತ್ತದೆ. ಆದರೆ ಅಂಕಿ ನೋಡುವಾಗ ಹುಷಾರಾಗಿರಿ. 3 ಡೆಸಿಬಲ್ ಇಳಿದರೆ ಶಕ್ತಿ ಅರ್ಧ ಆಗುತ್ತದೆ, ಕಿವಿಗೆ ಮಾತ್ರ ಸ್ವಲ್ಪ ಇಳಿದ ಹಾಗೆ ಕೇಳುತ್ತದೆ. ಕಿವಿಗೂ ಅರ್ಧ ಅನ್ನಿಸಲು ಸುಮಾರು 10 ಇಳಿಯಬೇಕು. "ಶೇಕಡ 50 ಸದ್ದು ಕಡಿತ" ಅಂತ ಯಾರಾದರೂ ಹೇಳಿದರೆ ಯಾವ ಅರ್ಧ ಅಂತ ಕೇಳಿ.

ಬಾಗಿಲು ಮುಗಿದ ಮೇಲೆ ಒಬ್ಬರೇ ಮಾತಾಡುವ ಮೋನೋ (ಎಡ ಬಲ ಎರಡರಲ್ಲೂ ಒಂದೇ ದನಿ ಬರುವ) ರೆಕಾರ್ಡಿಂಗ್ ಹಾಕುತ್ತೇನೆ. ದನಿ ಒಂದು ಕಡೆ ನಿಲ್ಲದೆ ಚದುರಿ, ಬೇಸೂ ಕಾಣೆಯಾದರೆ ಒಂದು ಸ್ಪೀಕರಿನ ವೈರ್ ಉಲ್ಟಾ ಆಗಿದೆ. ಕಂಪನಿಯದಲ್ಲದ ಸ್ಪೀಕರ್ ಹಾಕಿಸಿದ ಕಾರುಗಳಲ್ಲಿ ಇದು ಸಿಗುತ್ತಲೇ ಇರುತ್ತದೆ. ಅದು ಸರಿಯಿದ್ದು ದನಿ ಪಕ್ಕದ ಬಾಗಿಲಿಗೇ ಅಂಟಿಕೊಂಡಿದ್ದರೆ ಟೇಪು ಹಿಡಿದು ಕಿವಿಯಿಂದ ಎರಡೂ ಸ್ಪೀಕರಿನ ದೂರ ಅಳೆಯಿರಿ. ಹತ್ತಿರದ್ದು 90 ಸೆಂಟಿಮೀಟರ್, ದೂರದ್ದು 140 ಅಂದುಕೊಳ್ಳಿ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಓಡುತ್ತದೆ, ಹಾಗಾಗಿ ಹತ್ತಿರದ್ದನ್ನು ಒಂದೂವರೆ ಮಿಲಿಸೆಕೆಂಡ್ ತಡಮಾಡಿ. ಸೆಟ್‌ನಲ್ಲಿ ಟೈಮ್ ಅಲೈನ್‌ಮೆಂಟ್ (ಇಂಥ ತಡವನ್ನು ಹೊಂದಿಸುವ ಸೌಲಭ್ಯ) ಇದ್ದರೆ ಐದು ನಿಮಿಷದ ಕೆಲಸ. ಹಾಡುವವರು ಬಾಗಿಲು ಬಿಟ್ಟು ಡ್ಯಾಶ್‌ಬೋರ್ಡಿನ ಮೇಲೆ ಬಂದು ನಿಲ್ಲುತ್ತಾರೆ. ಈಕ್ವಲೈಜರ್‌ನಲ್ಲಿ ಬೇಕಾದ್ದನ್ನು ಏರಿಸುವ ಬದಲು ಬೇಡದ್ದನ್ನು ಇಳಿಸಿ.

ಕೊನೆಗೆ ಗುರ್ ಅಂತ ನಡುಗುವ ಸದ್ದಿನ ಹುಡುಕಾಟ. 30ರಿಂದ 200 ಹರ್ಟ್ಸ್‌ವರೆಗೆ ನಿಧಾನಕ್ಕೆ ಏರುವ ಟೋನ್ ಹಾಕಿ, ಎಲ್ಲಿ ಗುರ್ ಅನ್ನುತ್ತದೋ ಅಲ್ಲಿ ಅಂಗೈ ಒತ್ತುತ್ತಾ ಹೋಗುವುದು. ಮೊನ್ನೆ ಒಂದು ಕಾರಿನಲ್ಲಿ ಅರ್ಧ ದಿನ ಡಿಕ್ಕಿಯ ಒಳಗೆಲ್ಲ ಕೈಯಾಡಿಸಿದೆ, ಸಿಗಲಿಲ್ಲ. ಸಾಕಾಗಿ ಹೊರಗೆ ಬಂದು ಡಿಕ್ಕಿ ಮುಚ್ಚಲು ಕೈಯಿಟ್ಟೆ, ಗುರ್ ನಿಂತಿತು. ಹಿಂದಿನ ನಂಬರ್ ಪ್ಲೇಟು! ಅದರ ಹಿಂದೆ ಎರಡು ತುಂಡು ಫೋಮ್ ಟೇಪ್ ಅಂಟಿಸಿ ಸ್ಕ್ರೂ ಬಿಗಿ ಮಾಡಿದೆ.